ದೊರೆ ಕೊಟ್ಟ ಬೊಗಸೆ ಜೋಳ

“ಅಜ್ಜಯ್ಯ, ನಂಬಿದ ಒಡೆಯ ತೀರಿಹೋದ ಮೇಲೆ ನಂಬಿಕೆಯನ್ನು ಎಲ್ಲಿಡಬೇಕು?” ಎಂದು ಮುರಿಗೆಯ್ಯ ಕೇಳಿದ.

ಮುರಿಗೆಯ್ಯ ಅಜ್ಜಯ್ಯನವರ ಮಠಕ್ಕೆ ಹೊಸಬ. ಅವನಿಗೆ ಹಾಡು ಕಲಿಸಿದ ಗುರು ಬೇರೊಬ್ಬರು. ಅವರು ಹಿಂದಿನ ವರ್ಷ ಲಿಂಗೈಕ್ಯರಾಗಿದ್ದರು. ಅವರು ಕೊಟ್ಟ ಏಕತಾರಿಯನ್ನು ಅವನು ಬಟ್ಟೆಯಲ್ಲಿ ಸುತ್ತಿ, ಗಂಟು ಕಟ್ಟಿ, ಗೂಟಕ್ಕೆ ತೂಗುಹಾಕಿದ್ದ. ದಿನವೂ ಆ ಗಂಟಿಗೆ ವಿಭೂತಿ ಹಚ್ಚಿ ಕೈಮುಗಿಯುತ್ತಿದ್ದ, ಬಿಚ್ಚುತ್ತಿರಲಿಲ್ಲ. ಮಕ್ಕಳಿಗೆ ಹಾಡು ಕಲಿಸು ಎಂದು ಊರವರು ಬಂದು ಕೇಳಿದಾಗಲೆಲ್ಲ, “ನನ್ನ ಗುರುವಿನ ಹಾಡು ಗುರುವಿನೊಂದಿಗೇ ಹೋಯಿತು. ಇನ್ನೊಂದು ಅಂಗಳದಲ್ಲಿ ಹಾಡಿದರೆ ದ್ರೋಹವಾದೀತು” ಎನ್ನುತ್ತಿದ್ದ.

ಅಜ್ಜಯ್ಯ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಗೆ ಸರಿಸಿದರು.

“ಉತ್ತರ ಸಣ್ಣದು. ಆದರೆ ಹಾಗೇ ಕೊಟ್ಟರೆ ನೀನು ಅದನ್ನೂ ಗಂಟು ಕಟ್ಟಿ ಗೂಟಕ್ಕೆ ಹಾಕುತ್ತೀಯೆ. ಅದಕ್ಕೇ ಕತೆ ಹೇಳುತ್ತೇನೆ, ಕೇಳು” ಎಂದರು.

ಒಬ್ಬ ದೊರೆ ಇದ್ದ. ಕೋಟೆ ಸಣ್ಣದು, ಪಡೆ ಸಣ್ಣದು, ಕೈ ಮಾತ್ರ ದೊಡ್ಡದು. ಪಡೆಗೆ ಸೇರುವವನು ಉತ್ತರೀಯ ಒಡ್ಡಿದರೆ ದೊರೆ ತಾನೇ ಅದಕ್ಕೆ ಒಂದು ಬೊಗಸೆ ಜೋಳ ಸುರಿಯುತ್ತಿದ್ದ. ಅದನ್ನು ರೊಟ್ಟಿ ಮಾಡಿಸಿ ತಿಂದರೆ ಮುಗಿಯಿತು, ತಿಂದವನ ಪ್ರಾಣ ದೊರೆಯದು. ಇದಕ್ಕೆ ಜೋಳವಾಳಿ ಎನ್ನುತ್ತಿದ್ದರು. ಪ್ರತಿ ಯುದ್ಧಕ್ಕೆ ಮುಂಚೆಯೂ ಮತ್ತೊಂದು ಬೊಗಸೆ ಬರುತ್ತಿತ್ತು.

ಆ ಪಡೆಯಲ್ಲಿ ಬೊಪ್ಪಣ್ಣ ಎಂಬ ಸೈನಿಕನಿದ್ದ. ಮಹಾ ಹಟಗಾರ. ಅವನ ಹೆಂಡತಿ ಸಂಕವ್ವ ಅವನಿಗಿಂತ ಹಟಗಾರ್ತಿ, ಆದರೆ ಅವಳ ಹಟ ಹೊರಗೆ ಕಾಣುತ್ತಿರಲಿಲ್ಲ.

ಕಡೆಯ ಯುದ್ಧದ ಬೆಳಗ್ಗೆ ದೊರೆ ಬೊಗಸೆ ಜೋಳ ಕೊಟ್ಟ. ಬೀಸುವ ಮೊದಲೇ ವೈರಿಯ ಕಹಳೆ ಕೂಗಿತು. ಬೊಪ್ಪಣ್ಣ ಜೋಳವನ್ನು ಸೊಂಟದ ಬಟ್ಟೆಯಲ್ಲಿ ಕಟ್ಟಿಕೊಂಡೇ ಓಡಿದ. ಸಂಜೆಗೆ ಕೋಟೆ ಬಿತ್ತು. ದೊರೆಯೂ ಬಿದ್ದ. ಬೊಪ್ಪಣ್ಣ ಗಾಯಗೊಂಡು ಉಳಿದುಕೊಂಡ.

ಗೆದ್ದ ಅರಸ ಕೆಟ್ಟವನೇನಲ್ಲ. ಸೋತ ಸೈನಿಕರ ಮುಂದೆ ಜೋಳದ ರಾಶಿ ಹಾಕಿಸಿ, “ಇನ್ನು ಮೇಲೆ ನನ್ನ ಜೋಳ ತಿನ್ನಿ” ಎಂದ. ಹಸಿದವರು ಉತ್ತರೀಯ ಒಡ್ಡಿದರು. ಬೊಪ್ಪಣ್ಣನ ಪ್ರಾಣಸ್ನೇಹಿತ ದುಗ್ಗಯ್ಯನೂ ಒಡ್ಡಿದ. ಅವನ ಮನೆ ತುಂಬ ಎಳೆಯ ಮಕ್ಕಳು. ಬೊಪ್ಪಣ್ಣ ಅವನ ಮುಖವನ್ನೂ ನೋಡಲಿಲ್ಲ. ಹೆಂಡತಿಯನ್ನು ಕರೆದುಕೊಂಡು ನಡೆದುಬಿಟ್ಟ. ಅವನಂಥವರೇ ನಾಲ್ಕಾರು ಮನೆಯವರು ಹಿಂದೆ ಹೊರಟರು.

ಗುಡ್ಡ ದಾಟಿದ ಮೇಲೆ ಯಾರೂ ಕಾಲಿಡದ ಒಂದು ಹಳ್ಳದ ದಂಡೆ ಸಿಕ್ಕಿತು. ಮುಳ್ಳು ಕಡಿದರು, ಗುಡಿಸಲು ಹಾಕಿದರು, ನೆಲ ಹಸನು ಮಾಡಿದರು. ಬಿತ್ತಲು ಮಾತ್ರ ಕಾಳಿಲ್ಲ. ಕೋಟೆಗೆ ಮುತ್ತಿಗೆ ಬಿದ್ದಾಗಲೇ ಎಲ್ಲರ ಬಿತ್ತನೆಯೂ ಹೊಟ್ಟೆ ಸೇರಿತ್ತು. ಇದ್ದದ್ದು ಬೊಪ್ಪಣ್ಣನ ಸೊಂಟದಲ್ಲಿದ್ದ ಬೊಗಸೆ ಜೋಳ ಒಂದೇ.

“ಬಿತ್ತೋಣ” ಎಂದಳು ಸಂಕವ್ವ.

“ಛೆ ಛೆ! ಇದು ನಾನು ತಿನ್ನದೆ ಉಳಿದ ಜೋಳ. ತಿಂದರೆ ಪ್ರಾಣ ಕೊಡಬೇಕು. ಪಡೆದುಕೊಳ್ಳಲು ದೊರೆ ಎಲ್ಲಿದ್ದಾನೆ? ಇದು ಹೀಗೇ ಇರುತ್ತದೆ” ಎಂದು ಬೊಪ್ಪಣ್ಣ ಅದನ್ನು ಗಂಟು ಕಟ್ಟಿ ತೊಲೆಗೆ ತೂಗುಹಾಕಿದ. ದಿನವೂ ಕೈಮುಗಿಯತೊಡಗಿದ.

ಮೊದಲ ಮಳೆ ಬಿತ್ತು. ಅವನು ಮರ ಕಡಿಯಲು ಕಾಡಿಗೆ ಹೋದವನು ವಾರ ಕಳೆದು ತಿರುಗಿ ಬರುವಷ್ಟರಲ್ಲಿ ಗುಡಿಸಲ ಮುಂದೆ ಜೋಳದ ಮೊಳಕೆ ಎದ್ದಿತ್ತು. ಎಲ್ಲಿಯದು ಎಂದು ಕೇಳಿದ.

“ನನ್ನ ತವರಿನದು. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದೆ” ಎಂದಳು ಸಂಕವ್ವ.

ಹೆಂಡತಿಯ ತವರಿನ ಮಾತು ಬಂದರೆ ಯಾವ ಗಂಡನೂ ಮುಂದಕ್ಕೆ ಕೇಳುವುದಿಲ್ಲ. ಅವನೂ ಕೇಳಲಿಲ್ಲ.

ತೆನೆ ಬಂತು. ಅಬ್ಬಾ, ಏನು ತೆನೆ! ಮೊದಲ ವರ್ಷ ಒಂದು ಕಾಳೂ ಬಾಯಿಗೆ ಹೋಗದಂತೆ ಸಂಕವ್ವ ಕಾದಳು. ಗೆಡ್ಡೆ ಗೆಣಸು ತಿಂದು ದಿನ ತಳ್ಳಿದರು. ಎರಡನೆಯ ವರ್ಷ ಮನೆಮನೆಗೂ ಬಿತ್ತನೆ ಹಂಚಿದಳು. ಆಮೇಲೆ ಹಳ್ಳದ ಕೆಳಗೆ ಹೊಸದಾಗಿ ಕೂತ ಹಳ್ಳಿಗಳವರೂ ಬಂದು ಕೇಳಿದರು, ಅವರಿಗೂ ಕೊಟ್ಟಳು. ಕಾಳು ಹೆಚ್ಚಿದಂತೆ ಬೀಸುವ ಹೆಂಗಸರ ರಟ್ಟೆ ಬಿದ್ದುಹೋಗತೊಡಗಿತು.

ಬೊಪ್ಪಣ್ಣ ಕೋಟೆಯಲ್ಲಿ ನೀರೆತ್ತುವ ಚಕ್ರದ ಪಕ್ಕ ಕಾವಲು ನಿಂತವನು. ಚಕ್ರ ನೀರನ್ನು ಎತ್ತುವುದಾದರೆ ನೀರು ಚಕ್ರವನ್ನು ಏಕೆ ತಿರುಗಿಸಬಾರದು ಎಂದು ಅವನಿಗೆ ಹೊಳೆಯಿತು. ಹಳ್ಳಕ್ಕೆ ಒಡ್ಡು ಕಟ್ಟಿದ, ಕಾಲುವೆ ತೋಡಿದ. ಮರದ ಚಕ್ರ ಎರಡು ಸಲ ಮುರಿಯಿತು; ಊರು ನಕ್ಕಿತು. ಮೂರನೆಯ ಸಲ ಚಕ್ರ ತಿರುಗಿತು, ಅದರೊಂದಿಗೆ ಬೀಸುವ ಕಲ್ಲೂ ತಿರುಗಿತು, ಹಿಟ್ಟು ಸುರಿಯಿತು. ಮುದುಕಿಯರು ಹಿಟ್ಟು ಎರಚಾಡಿಕೊಂಡು ಕುಣಿದರು. ಅಂದಿನಿಂದ ಬೊಪ್ಪಣ್ಣ ಗಿರಣಿಯ ಧಣಿ ಎನಿಸಿಕೊಂಡ.

ಧಣಿ ಎಂದ ಮೇಲೆ ಒಂದು ಕಟ್ಟಳೆ ಬೇಡವೇ? ವೈರಿಯ ಜೋಳ ತಿಂದವನ ಕಾಳು ಈ ಕಲ್ಲಿಗೆ ಬೀಳಕೂಡದು ಎಂದು ಸಾರಿದ. ಊರಿಗೆ ಊರೇ ಒಪ್ಪಿತು. ಅಂಥವನು ಸುತ್ತಮುತ್ತ ಒಬ್ಬನೂ ಇರಲಿಲ್ಲ, ಒಪ್ಪುವುದಕ್ಕೇನು ಕಷ್ಟ!

ವರ್ಷಗಳು ಕಳೆದವು. ಒಂದು ದಿನ ದುಗ್ಗಯ್ಯ ಬಂದ. ಹೊಸ ಅರಸ ಮುದಿಯಾದ ಸೈನಿಕರನ್ನು ಮನೆಗೆ ಕಳಿಸಿದ್ದ. ಇವನಿಗೆ ಹೋಗಲು ಮನೆ ಎಲ್ಲಿತ್ತು? ಬೆನ್ನ ಮೇಲೆ ಜೋಳದ ಚೀಲ, ಹಿಂದೆ ಮಕ್ಕಳು, ಮೊಮ್ಮಕ್ಕಳು.

“ಬೊಪ್ಪಾ, ಊರಲ್ಲಿ ಒಂದಿಷ್ಟು ಜಾಗ ಕೊಡು. ಮೊದಲು ಈ ಕಾಳು ಬೀಸಿಕೊಡಪ್ಪಾ, ಮೊಮ್ಮಕ್ಕಳು ಹಸಿದಿವೆ” ಎಂದ.

ಬೊಪ್ಪಣ್ಣನಿಗೆ ಓಡಿಹೋಗಿ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಹಾಗೆ ಅನಿಸಿದ್ದಕ್ಕೇ ತನ್ನ ಮೇಲೆ ಸಿಟ್ಟು ಬಂತು. ಇವನ ಕಾಳು ಬೀಸಿದರೆ ಸತ್ತ ದೊರೆಗೆ ಯಾವ ಮುಖ ತೋರಿಸಲಿ? ಕಾಲುವೆಗೆ ಹಲಗೆ ಇಳಿಸಿದ. ಚಕ್ರ ನಿಂತಿತು. ಊರು ಓಡಿಬಂದು ನೆರೆಯಿತು.

“ನೀನು ಯಾರ ಜೋಳಕ್ಕೆ ಕೈಯೊಡ್ಡಿದೆಯೋ ನಾನು ನೋಡಿದ್ದೇನೆ. ನಾನು ಯಾರ ಜೋಳ ಕಾದಿಟ್ಟಿದ್ದೇನೆ, ನೀನೂ ನೋಡು” ಎಂದು ಒಳಗೆ ಹೋಗಿ ತೊಲೆಯ ಗಂಟು ತಂದ. ಎಲ್ಲರೆದುರಿಗೆ ಬಿಚ್ಚಿದ.

ಗಂಟಿನಿಂದ ಕಲ್ಲಿನ ಹರಳುಗಳು ಉದುರಿದವು.

ಸಂಕವ್ವ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಮುಂದೆ ಬಂದಳು.

“ಹಳ್ಳದ ಹರಳು. ನಾನೇ ಆರಿಸಿ ತುಂಬಿದ್ದು. ಇಲಿಯ ಕಾಟವಿಲ್ಲ ನೋಡಿ.”

“ದೊರೆಯ ಜೋಳ?” ಎಂದ ಬೊಪ್ಪಣ್ಣ.

“ಮೊದಲ ಮಳೆಗೇ ಬಿತ್ತಿದೆ. ಈ ಊರು ತಿನ್ನುತ್ತಿರುವುದು ಅದನ್ನೇ. ದುಗ್ಗಣ್ಣನ ಮಕ್ಕಳನ್ನು ಕೇಳಿದೆ, ಕಾಳು ತಂದದ್ದು ಕೆಳಗಿನ ಹಳ್ಳಿಯಿಂದ. ಅಲ್ಲಿಗೆ ಬಿತ್ತನೆ ಕೊಟ್ಟವಳು ನಾನು. ಆ ಚೀಲದಲ್ಲಿರುವುದೂ ನಿಮ್ಮ ದೊರೆಯ ಜೋಳವೇ.”

“ಹಾಗಾದರೆ ನಾನು ಅದನ್ನು ತಿಂದೆನೇ!”

“ತಿಂದಿರಿ. ನಿನ್ನ ತವರಿನಲ್ಲಿ ಚೆನ್ನಾಗಿರುವುದು ಈ ಜೋಳ ಒಂದೇ ಎಂದು ಚಪ್ಪರಿಸಿಕೊಂಡು ತಿಂದಿರಿ.”

“ತಿಂದ ಮೇಲೆ ಪ್ರಾಣ ಕೊಡಬೇಕಿತ್ತಲ್ಲೇ...”

“ಕೊಡದೆ ಮತ್ತೇನು ಮಾಡಿದಿರಿ? ಈ ಒಡ್ಡು, ಈ ಕಲ್ಲು, ಈ ಊರು ಯಾರ ಪ್ರಾಣ ತೇದು ಎದ್ದವು?”

ಬೊಪ್ಪಣ್ಣ ಹರಳುಗಳನ್ನು ನೋಡಿದ, ಚೀಲವನ್ನು ನೋಡಿದ. ಅವನ ಕಣ್ಣು ತುಂಬಿತು. “ಅಲ್ಲ ಕಣೇ, ಇಷ್ಟು ವರ್ಷ ನಾನು ಕಲ್ಲಿಗೆ ಕೈಮುಗಿದೆನೇ?” ಎಂದ.

“ಲೋಕವೇ ಕಲ್ಲಿಗೆ ಕೈಮುಗಿಯುತ್ತದೆ. ನಿಮಗೊಬ್ಬರಿಗೆ ಏಕೆ ನಾಚಿಕೆ?” ಎಂದಳು ಸಂಕವ್ವ.

ಮೊದಲು ದುಗ್ಗಯ್ಯ ಕಿಸಕ್ಕೆಂದ. ಆಮೇಲೆ ಬೊಪ್ಪಣ್ಣ ನಕ್ಕ. ಕೋಟೆ ಬಿದ್ದ ದಿನದಿಂದ ಹಾಗೆ ನಕ್ಕಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ತಾನೇ ಹೋಗಿ ಹಲಗೆ ಎತ್ತಿದ. ನೀರು ನುಗ್ಗಿತು, ಚಕ್ರ ತಿರುಗಿತು. ಗೆಳೆಯನ ಚೀಲವನ್ನು ತನ್ನ ಹೆಗಲ ಮೇಲೆ ಹೊತ್ತು ಕಲ್ಲಿನ ಬಾಯಿಗೆ ಸುರಿದ. “ದೊರೆಯ ಪಡೆಯಲ್ಲಿ ಒಬ್ಬ ಕಡಿಮೆ ಬಿದ್ದಿದ್ದ. ಬಂದ!” ಎಂದು ಕೂಗಿದ. ಮುದುಕರಿಬ್ಬರೂ ತಬ್ಬಿಕೊಂಡು ತಲೆಯಿಂದ ಕಾಲಿನವರೆಗೆ ಹಿಟ್ಟಾದರು. ಅಂದು ಊರಿಗೆಲ್ಲ ರೊಟ್ಟಿ ಗಿರಣಿಯ ಮುಂದೆಯೇ ಬೆಂದಿತು.

ಆಮೇಲೆ ಆ ಊರಿಗೆ ಯಾರೇ ಹೊಸಬರು ಬಂದರೂ ಬೊಪ್ಪಣ್ಣ ಅವರ ಉತ್ತರೀಯಕ್ಕೆ ಒಂದು ಬೊಗಸೆ ಜೋಳ ಸುರಿಯುತ್ತಿದ್ದ. ಬಿತ್ತಬೇಕು, ತೊಲೆಗೆ ಕಟ್ಟಕೂಡದು, ಅಷ್ಟೇ ಅವನ ಕಟ್ಟಳೆ.

ಅಜ್ಜಯ್ಯ ಕತೆ ನಿಲ್ಲಿಸಿದರು. ಮುರಿಗೆಯ್ಯ ಇನ್ನೂ ನಗುತ್ತಿದ್ದ. “ಆ ತಾಯಿ ಎಂಥ ಗಟ್ಟಿಗಿತ್ತಿ ಅಜ್ಜಯ್ಯ! ಗಂಡ ದಿನವೂ ಕೈಮುಗಿಯುವ ಗಂಟನ್ನೇ ಖಾಲಿ ಮಾಡಿದಳಲ್ಲ!” ಎಂದ.

ಅಜ್ಜಯ್ಯ ಗೂಟದ ಕಡೆಗೆ ಕತ್ತು ತಿರುಗಿಸಿದರು.

“ನಿನ್ನ ಗಂಟನ್ನು ನೀನೇ ಬಿಚ್ಚುತ್ತೀಯೋ, ಇಲ್ಲ ಅದಕ್ಕೂ ಒಬ್ಬ ಸಂಕವ್ವ ಬರಬೇಕೋ?”

ಮುರಿಗೆಯ್ಯನ ನಗು ನಿಂತಿತು. ಅವನು ಗೂಟವನ್ನೇ ನೋಡುತ್ತ ಕುಳಿತ.