ಚೆಲುವಿಯ ಬಿಳಿ ಗರಿ ಹಾಸಿಗೆ

ಹತ್ತಿರ ಬನ್ನಿ ಮಕ್ಕಳೇ, ಇನ್ನೂ ಹತ್ತಿರ. ಕೂಗಿ ಹೇಳುವ ಸುದ್ದಿಯಲ್ಲ ಇದು. ಕೇಳಿದ ಮೇಲೆ ಬಾಯಿಗೆ ಬೀಗ. ಯಾರು ಕೇಳಿದರೂ ನನ್ನ ಹೆಸರು ಎತ್ತಕೂಡದು, ಆಯ್ತಾ?

ಕಾಡಂಚಿನ ಕೊಳದಲ್ಲಿ ಚೆಲುವಿ ಅಂತ ಒಬ್ಬಳು ಹುಂಡುಕೋಳಿ ಇದ್ದಳು. ಪಕ್ಕದ ಗೂಡು ಗುಳುಮುಳುಕ ಹಕ್ಕಿ ನಿಂಗವ್ವನದು. ಎರಡು ಗೂಡಲ್ಲೂ ಮೊಟ್ಟೆ, ಸುತ್ತಲೂ ಎತ್ತರದ ಜೊಂಡು. ಮರಿಗಳು ಈಜು ಕಲಿಯುವ ತನಕ ಒಂದು ಕಡ್ಡಿಯನ್ನೂ ಕೀಳಬಾರದು ಅನ್ನುವುದು ಆ ಕೊಳದ ಕಟ್ಟಳೆ. ಮೇಲೆ ಹದ್ದು ಸುತ್ತುತ್ತಿತ್ತಲ್ಲ, ಅದಕ್ಕೆ.

ಒಂದು ದಿನ ಹಿಮದ ಬೆಟ್ಟದಾಚೆಯ ದೇಶದಿಂದ ವ್ಯಾಪಾರಿ ಹೆಬ್ಬಾತು ಬಂದಿಳಿದ. ಬೆಳ್ಳಗೆ ಹೊಳೆಯುವ ಗರಿ ತೋರಿಸಿದ. ಚೆಲುವಿಯ ಕಣ್ಣು ಅಲ್ಲೇ ಅಂಟಿಕೊಂಡಿತು.

“ಗರಿ ತಗೋ, ಜೊಂಡು ಕೊಡು.”

“ಈಗ ಕೀಳೋ ಹಾಗಿಲ್ಲ ಸ್ವಾಮಿ, ಕಟ್ಟಳೆ ಇದೆ.”

“ನಮ್ಮ ಪೇಟೆಯಲ್ಲಿ ಜೊಂಡು ಅಂದರೆ ಜೊಂಡು. ಯಾರ ಗೂಡಿನ ಮುಂದೆ ಕಿತ್ತಿದ್ದು ಅಂತ ಯಾರೂ ಕೇಳಲ್ಲ. ಕಟ್ಟಳೆ ಗಿಟ್ಟಳೆ ಅಂದರೆ ಆಚೆ ಕೊಳಕ್ಕೆ ಹೋಗ್ತೀನಿ!”

ಚೆಲುವಿ ಎಂಥ ಘಾಟಿ ಅಂತೀರಿ! ತನ್ನ ಮುಂದಿನ ಜೊಂಡು ಉಳಿಸಿಕೊಂಡಳು. ನಿಂಗವ್ವ ಮೀನಿಗೆ ಹೋದಾಗ ಅವಳ ಕಡೆಯದನ್ನೆಲ್ಲ ಹೆಬ್ಬಾತಿನಿಂದ ಕೀಳಿಸಿಬಿಟ್ಟಳು. ಬಿಳಿ ಗರಿಯನ್ನು ಗೂಡಿಗೆ ಹಾಸಿಕೊಂಡಳು. ಹೆಬ್ಬಾತು ಆಚೆ ದಡದ ಮರೆಯಲ್ಲಿ ಜೊಂಡಿನ ಹೊರೆ ಕಟ್ಟತೊಡಗಿದ.

ನಿಂಗವ್ವ ಬಂದು ನೋಡಿದಳು. “ನನ್ನ ಮನೆ ಬಯಲಾಯ್ತಲ್ಲೇ! ಯಾರೇ ಕಿತ್ತಿದ್ದು?”

“ಗಾಳಿಗೆ ಬಿತ್ತೇನೋ, ಅಕ್ಕ.”

ಅಷ್ಟರಲ್ಲಿ ಕಪ್ಪೆಗಳು ಗಪ್ಪನೆ ಸುಮ್ಮನಾದವು. ನೀರಿನ ಮೇಲೆ ಕಪ್ಪು ನೆರಳೊಂದು ಹರಿಯಿತು. ನಿಂಗವ್ವ ತನ್ನ ಜಾತಿಯ ರೂಢಿಯಂತೆ ಕೊಳೆತ ಪಾಚಿ ಎಳೆದು ಮೊಟ್ಟೆ ಮುಚ್ಚಿ, ಬುಳಕ್ಕನೆ ಮುಳುಗಿದಳು.

ಚೆಲುವಿ ಗೂಡಿನಲ್ಲಿ ಕಲ್ಲಾದಳು. ಹದ್ದಿಗೆ ನಿಂಗವ್ವನ ಗೂಡು ಬರೀ ಕೊಳೆಯಾಗಿ ಕಂಡಿತು. ಆದರೆ ಆ ಬಯಲಿನಾಚೆ ಏನೋ ಬೆಳ್ಳಗೆ ಹೊಳೆಯುತ್ತಿದೆಯಲ್ಲ! ನೆರಳು ತಿರುಗಿತು. ಹತ್ತಿರವಾಯಿತು. ಚೆಲುವಿ ಕೂಗಿಕೊಂಡಳು.

“ಹೆಬ್ಬಾತಣ್ಣಾ, ಕಾಪಾಡೋ!”

“ವ್ಯಾಪಾರ ಮುಗೀತಲ್ಲಮ್ಮ,” ಅಂದ ಹೆಬ್ಬಾತು, ಜೊಂಡು ಕಚ್ಚಿಕೊಂಡು ಹಾರಿಹೋದ.

ಹದ್ದು ಎರಗಿತು. ಚೆಲುವಿ ಉಳಿದ ಜೊಂಡಿನೊಳಗೆ ನುಗ್ಗಿ ಜೀವ ಉಳಿಸಿಕೊಂಡಳು. ತಿರುಗಿ ಬಂದಾಗ ಗೂಡಲ್ಲಿ ಒಡೆದ ಚಿಪ್ಪು, ಬಿಳಿ ಗರಿ, ಅಷ್ಟೇ.

ನಿಂಗವ್ವ ಪಾಚಿ ಸರಿಸಿ ಮೊಟ್ಟೆಗಳ ಮೇಲೆ ಕೂತಳು. ಆ ಗರಿಯನ್ನೂ ನೋಡಿದಳು, ಚೆಲುವಿಯ ಮುಖವನ್ನೂ ನೋಡಿದಳು.

“ಹಾಸಿಗೆ ಮೆತ್ತಗಿದೆಯಲ್ಲಮ್ಮ, ಚೆನ್ನಾಗಿ ನಿದ್ದೆ ಮಾಡು. ಎಬ್ಬಿಸೋಕೆ ಮರಿಗಳೂ ಇಲ್ಲ.”

ನೀತಿ: ದೂರದ ಪೇಟೆಗೆ ಏನನ್ನಾದರೂ ಮಾರಿ, ಮರಿಗಳಿಗೆ ಮರೆಯಾಗಿ ನಿಂತದ್ದನ್ನು ಮಾತ್ರ ಮಾರಬೇಡಿ; ನೆರೆಯವರ ಮರೆ ಹೋದರೆ ನಮ್ಮದೂ ಹೋದಂತೆಯೇ.