ಅಳೆಯುವ ಕಡ್ಡಿ, ಹೊರುವ ರೆಕ್ಕೆ

ವಿಮಾನವೊಂದರ ಮೂತಿಯ ಬಳಿ ಬೆರಳುದ್ದದ ಕಡ್ಡಿಯೊಂದಿತ್ತು. ಮಂಜುಗಡ್ಡೆ ಪತ್ತೆಮಾಡುವುದು ಅದರ ಉದ್ಯೋಗ. ಅದು ಸದಾ ಕಂಪಿಸುತ್ತಿತ್ತು. ಮೈಮೇಲೆ ಮಂಜುಗಡ್ಡೆ ಕೂತು ಕಂಪನ ನಿಧಾನವಾದರೆ ಪೈಲಟ್‌ನ ಮುಂದೆ ಕೆಂಪು ದೀಪ ಹೊತ್ತುತ್ತಿತ್ತು. ಮತ್ತೆ ಅಳೆಯಬೇಕಲ್ಲ, ಅದಕ್ಕಾಗಿ ಕಡ್ಡಿಯನ್ನು ಒಡನೆ ಕಾಯಿಸಿ ಶುಚಿಗೊಳಿಸುವ ಏರ್ಪಾಡೂ ಇತ್ತು.

ವಿಮಾನ ಮೋಡ ಹೊಕ್ಕಿತು. ದೀಪ ಹೊತ್ತಿತು. ಕಡ್ಡಿ ಕಾದು ಶುಚಿಯಾಯಿತು, ದೀಪ ಆರಿತು. ರೆಕ್ಕೆಯನ್ನು ಕಾಯಿಸಲು ಗುಂಡಿಯತ್ತ ಕೈ ಚಾಚಿದ್ದ ಪೈಲಟ್ ಕೈ ಹಿಂತೆಗೆದ.

"ಕಡ್ಡಿರಾಯರೇ, ನನ್ನ ಮೇಲಿನದು ಕರಗಿಲ್ಲ," ಎಂದಿತು ರೆಕ್ಕೆ. "ಇನ್ನಷ್ಟು ಕೂತರೆ ಹೊರಲಾರೆ. ದೀಪ ಆರಲು ಬಿಡಬೇಡಿ."

"ನನ್ನ ಮೇಲೆ ಈಗ ಏನೂ ಇಲ್ಲವಲ್ಲಯ್ಯ. ಇಲ್ಲದ್ದನ್ನು ಇದೆ ಎನ್ನಲೇ?"

"ನಿಮ್ಮನ್ನು ಇಲ್ಲಿ ಇಟ್ಟಿರುವುದೇ ನನ್ನ ಸಲುವಾಗಿ."

"ಹಾಗೆಂದು ನಿನ್ನ ಗೋಳನ್ನೆಲ್ಲ ವರದಿ ಮಾಡಲಾಗದು. ನೀನೂ ಸ್ವಲ್ಪ ಮೈ ಬಿಸಿ ಮಾಡಿಕೊ. ಮೋಡ ಎಷ್ಟು ಹಿತವಾಗಿದೆ!"

"ನನಗೆ ಬಿಸಿ ಸಿಗುವುದು ನಿಮ್ಮ ದೀಪ ಉರಿದರೆ ಮಾತ್ರ, ಸ್ವಾಮಿ."

ದೀಪ ಮತ್ತೆ ಹೊತ್ತಿತು, ಮತ್ತೆ ಆರಿತು. ಅಪಾಯ ಕಳೆಯಿತೆಂದು ಪೈಲಟ್ ನಿಟ್ಟುಸಿರು ಬಿಟ್ಟ. ಅಷ್ಟರಲ್ಲಿ ರೆಕ್ಕೆ ಸೋತಿತು. ವಿಮಾನ ಬೆಟ್ಟದ ಮೇಲೆ ಬಿತ್ತು, ಯಾರೂ ಉಳಿಯಲಿಲ್ಲ.

ತನಿಖೆಗೆ ಬಂದ ತಜ್ಞರು ರೆಕ್ಕೆಯ ಚೂರುಗಳನ್ನು ಹೆಕ್ಕಿ, ಇದು ದುರ್ಬಲವಾಗಿತ್ತು ಎಂದರು. ಕಡ್ಡಿಯಲ್ಲಿ ದೋಷವೇನೂ ಕಾಣಲಿಲ್ಲ. ಅದನ್ನು ಒರೆಸಿ ಇನ್ನೊಂದು ವಿಮಾನಕ್ಕೆ ಜೋಡಿಸಿದರು.

"ತಮಗೆ ಅನುಭವವಿದೆಯೇ?" ಎಂದು ಹೊಸ ರೆಕ್ಕೆ ಗೌರವದಿಂದ ಕೇಳಿತು.

"ಬೇಕಾದಷ್ಟು," ಎಂದಿತು ಕಡ್ಡಿ. "ಈವರೆಗೆ ನನ್ನ ಒಂದು ವರದಿಯೂ ಸುಳ್ಳಾಗಿಲ್ಲ."