ಅಂಕಣ್ಣ ಹೇರಿದ ಭರಣಿಗಳು

ಮಲಪ್ರಭೆಯ ದಂಡೆಯಲ್ಲಿ ಮುಪ್ಪಯ್ಯಜ್ಜನ ಆಶ್ರಮ. ಅಲ್ಲಿ ಕಷಾಯ ಕುದಿಸಿ, ಮಣ್ಣಿನ ಭರಣಿಗಳಲ್ಲಿ ತುಂಬಿ, ಗುಡ್ಡದಾಚೆಯ ಊರುಗಳಿಗೆ ಎತ್ತಿನ ಗಾಡಿಯಲ್ಲಿ ಕಳಿಸುತ್ತಿದ್ದರು.

ಗಾಡಿ ಹೊಡೆಯುವ ಶಿಷ್ಯ ಅಂಕಣ್ಣ. ನಲವತ್ತು ದಾಟಿದ ಆಳು. ಮೈತುಂಬ ಶಕ್ತಿ, ತಲೆತುಂಬ ಅನುಮಾನ. ದಿನಾ ಬೆಳಿಗ್ಗೆ ಗುರುಗಳ ಕಾಲಿಗೆ ಬಿದ್ದು ಒಂದೇ ಪ್ರಶ್ನೆ ಕೇಳುತ್ತಿದ್ದ.

“ಅಜ್ಜಾರ, ನನ್ನ ಮನಸ್ಸು ನಿಂತೈತೇನ್ರಿ?”

“ಮೊದಲ ಗಾಡಿ ಹೂಡು,” ಎನ್ನುತ್ತಿದ್ದರು ಅಜ್ಜ.

ಆ ವರ್ಷ ಗುಡ್ಡದಾಚೆಯ ಊರೊಂದರಲ್ಲಿ ಜ್ವರ ಹಬ್ಬಿತು. ಅಂಕಣ್ಣ ಅರವತ್ತು ಭರಣಿ ಹೇರಿಕೊಂಡು ಹೋದ. ಊರು ಮುಟ್ಟಿದಾಗ ಒಡೆಯದೆ ಉಳಿದದ್ದು ಹನ್ನೊಂದು. ಒಂದು ಗುಟುಕಿಗಾಗಿ ಬಟ್ಟಲು ಹಿಡಿದು ನಿಂತಿದ್ದ ತಾಯಂದಿರ ಮುಖ ನೆನೆದು, ಆಶ್ರಮಕ್ಕೆ ಮರಳಿದ ಮೇಲೂ ಅವನಿಗೆ ಅನ್ನ ಸೇರಲಿಲ್ಲ.

“ದಾರ್ಯಾಗ ನೋಡಿಕೊಳ್ಳಲಿಲ್ಲೇನು?” ಅಜ್ಜ ಕೇಳಿದರು.

“ನೋಡೀನ್ರಿ! ಪ್ರತಿ ಹಳ್ಳಕ್ಕೂ, ಪ್ರತಿ ತಿರುವಿಗೂ ಗಾಡಿ ನಿಲ್ಲಿಸಿ, ಹಗ್ಗ ಬಿಚ್ಚಿ, ಒಂದೊಂದನ್ನೂ ಮುಟ್ಟಿ ನೋಡೀನಿ.”

ಅಜ್ಜ ಗಾಡಿಗೆ ಖಾಲಿ ಭರಣಿ ಹೇರಿಸಿ, ನಡುವೆ ಒಬ್ಬ ಹಿಡಿಯುವಷ್ಟು ಜಾಗ ಬಿಡಿಸಿದರು.

“ಒಳಗ ಕುಂದ್ರು. ಇವತ್ತ ನೀನೂ ಒಂದು ಭರಣಿ.”

ಸುತ್ತ ಹುಲ್ಲು ತುರುಕಿ, ಹಗ್ಗ ಬಿಗಿದು, ತಾವೇ ಗಾಡಿ ಹೊಡೆದರು. ಮೊದಲ ಹಳ್ಳ ದಾಟಿದಾಗ ಅಂಕಣ್ಣ ಅಲುಗಲಿಲ್ಲ. ಅಜ್ಜ ಗಾಡಿ ನಿಲ್ಲಿಸಿ, ಹಗ್ಗ ಬಿಚ್ಚಿ, ಹುಲ್ಲು ಸರಿಸಿ ಇಣುಕಿದರು.

“ಆರಾಮ ಅದಿಯೇನು?”

“ಅದೀನ್ರಿ.”

ಮತ್ತೆ ಕಟ್ಟಿದರು. ಸ್ವಲ್ಪ ದೂರ ಹೋಗಿ ಮತ್ತೆ ಬಿಚ್ಚಿದರು. “ಆರಾಮ ಅದಿಯೇನು?”

ಹೀಗೇ ಐದು ಸಲ. ಅಷ್ಟೊತ್ತಿಗೆ ಹುಲ್ಲೆಲ್ಲ ಸಡಿಲಾಗಿತ್ತು. ಮುಂದಿನ ಕುಲುಕಿಗೆ ಎಡಭುಜಕ್ಕೆ ಗಾಡಿಯ ಗೂಟ ಬಡಿದು ಅಂಕಣ್ಣ ಚೀರಿದ.

“ಬಿಚ್ಚಿ ಬಿಚ್ಚಿ ನೋಡಿದ್ದಕ್ಕ ಹಿಂಗಾತ್ರಿ ಅಜ್ಜಾರ! ಸುಮ್ಮನ ಹೊಡೀರಿ. ತ್ರಾಸಾದ್ರ ನಾನ ಕೂಗತೀನಿ!”

ಹೇಳಿದವನೇ ಬಾಯಿಗೆ ಕೈ ಅಡ್ಡ ಹಿಡಿದು, ಸುತ್ತಲಿನ ಭರಣಿಗಳನ್ನು ನೋಡಿದ.

ಮರುದಿನ ಮತ್ತೆ ಅರವತ್ತು ಭರಣಿ ಹೇರಿದ. ಎತ್ತುಗಳ ಕೊರಳು ಬರಿದಾಗಿದ್ದವು. ಗಂಟೆಗಳನ್ನೆಲ್ಲ ಬಿಚ್ಚಿ ಭರಣಿಗಳ ನಡುವೆ, ನಾಲಿಗೆ ಅಲುಗದಂತೆ ಹುಲ್ಲಿನಲ್ಲಿ ಬಿಗಿಯಾಗಿ ಹುಗಿದಿದ್ದ. ಹುಲ್ಲು ಬಿಗಿಯಿದ್ದರೆ ಗಂಟೆ ಮೂಕ, ಸಡಿಲಾದರೆ ಅದೇ ಕೂಗಬೇಕು. ಅಜ್ಜ ಹುಬ್ಬೇರಿಸಿದರು. ಇದು ಅವರು ಹೇಳಿಕೊಟ್ಟದ್ದಲ್ಲ.

ದಾರಿಯುದ್ದಕ್ಕೂ ಅಂಕಣ್ಣನ ಕೈ ತುರಿಸಿತು, ಆದರೂ ಬಿಚ್ಚಲಿಲ್ಲ. ಮೂರನೆಯ ಇಳಿಜಾರಿನಲ್ಲಿ ಹಿಂದಿನ ಎಡಮೂಲೆಯಿಂದ ಗಂಟೆ ಟಿಣ್ ಎಂದಿತು. ಇಳಿದು, ಆ ಮೂಲೆಯನ್ನಷ್ಟೇ ಬಿಚ್ಚಿ, ತನ್ನ ತಲೆಯ ರುಮಾಲನ್ನು ತುರುಕಿ ಹಗ್ಗ ಬಿಗಿದ. ಗಂಟೆ ಸುಮ್ಮನಾಯಿತು.

ಅರವತ್ತಕ್ಕೆ ಅರವತ್ತೂ ಇಳಿದವು! ಊರಿಗೆ ಊರೇ ಗಾಡಿಯ ಸುತ್ತ ನೆರೆದು ಬಟ್ಟಲು ತುಂಬಿಸಿಕೊಂಡಿತು. ನಾಲ್ಕನೆಯ ದಿನ ಅವನು ಹೊರಟಾಗ, ಜ್ವರ ಬಿಟ್ಟ ಮಕ್ಕಳು ಊರ ಗಡಿಯವರೆಗೂ ಗಾಡಿಯ ಹಿಂದೆ ಓಡಿಬಂದರು. ಅಂಕಣ್ಣ ಅಳುತ್ತ, ನಗುತ್ತ ಕೈ ಬೀಸಿದ.

ಗಂಟೆಗಳು ಮತ್ತೆ ಎತ್ತುಗಳ ಕೊರಳಲ್ಲಿ ಮೊಳಗುತ್ತ ಆಶ್ರಮಕ್ಕೆ ಬಂದವು. ಬೆಳಿಗ್ಗೆ ಎದ್ದವನೇ ಬರಿತಲೆಯ ಅಂಕಣ್ಣ ಗುರುಗಳ ಕಾಲಿಗೆ ಬಿದ್ದ.

“ಅಜ್ಜಾರ, ಮುಂದಿನ ಊರು ಯಾವುದ್ರಿ? ಗಾಡಿ ಹೂಡ್ಲೇನು?”

ಅಜ್ಜ ಹೊಳೆಯಾಚೆಗೂ ಕೇಳುವಂತೆ ನಕ್ಕರು.

“ದಿನಾ ಕೇಳೂದನ್ನ ಇವತ್ತ ಮರತಿಯಲ್ಲೋ, ಅಂಕಣ್ಣ!”